ಬಿಚ್ಚಲೆಂದು ಕೊಂಡ ಗಾಡಿ
(ಬಾನುಲಿ ಭಾಷಣ)

ಕನ್ನಡ ಪಾಠ ಹೇಳಿ ಮೂವತ್ತೇಳು ವರ್ಷ ಸಂಬಳ ಪಡೆದವನೊಬ್ಬ ಮೋಟಾರ್ ಸೈಕಲ್ಲಿನ ವಿಷಯವಾಗಿ ಮಾತನಾಡಲು ಹೊರಟರೆ ನಿಮ್ಮಲ್ಲಿ ಕೆಲವರಿಗೆ ಅಚ್ಚರಿಯಾದೀತು. ಹಳಗನ್ನಡದ ಮೇಲೆ ಏನಾದರೂ ಹೇಳಬಾರದೇ ಎಂದು ಮಿತ್ರರು ಸೂಚಿಸಿದ್ದುಂಟು. ಆದರೆ 2022ರಿಂದ ಈಚೆಗೆ ನನ್ನ ಮನಸ್ಸನ್ನು ಹಳಗನ್ನಡಕ್ಕಿಂತ ಹೆಚ್ಚಾಗಿ ಕಾಡಿರುವುದು ಒಂದು ಮುರಿದ ಗಾಡಿ. ಆ ಗಾಡಿಯನ್ನು ಕೊಳ್ಳುವಾಗ ನಾನು ಆಡಿದ ಒಂದೇ ಒಂದು ಕ್ರಿಯಾಪದ. ಅಷ್ಟರ ಮಟ್ಟಿಗೆ ಇದು ನನ್ನ ಅಧ್ಯಾಪನದ ವಿಷಯವೂ ಹೌದು.

ನಾನು ಈಗ ಕುಳಿತಿರುವ ಈ ನಿಲಯ ಮೈಸೂರಿನ ಯಾದವಗಿರಿಯಲ್ಲಿದೆ. ಇದೇ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ನಡೆಯಿತು. ಜಾವಾ ಎಂದರೆ ಆ ಹೆಸರಿನ ದ್ವೀಪವೆಂದು ನಾನು ವಿದ್ಯಾರ್ಥಿಯಾಗಿದ್ದಾಗ ನಂಬಿದ್ದೆ. ಹಾಗಲ್ಲ. 1929ರಲ್ಲಿ ಚೆಕ್ ದೇಶದ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ಲಿನ ವಿನ್ಯಾಸವನ್ನು ಕೊಂಡು, ತನ್ನ ಹೆಸರಿನ ಮೊದಲ ತುಣುಕನ್ನೂ ಅವರ ಹೆಸರಿನ ಮೊದಲ ತುಣುಕನ್ನೂ ಜೋಡಿಸಿ ಕಟ್ಟಿದ ಪದವದು. ಸಂಧಿಯೂ ಅಲ್ಲ, ಸಮಾಸವೂ ಅಲ್ಲ. ಎರಡು ಗಾಡಿಗಳ ಭಾಗ ಸೇರಿಸಿ ಒಂದು ಗಾಡಿ ಮಾಡಿದ ಹಾಗೆ. ಮೈಸೂರಿನಲ್ಲಿ ಇರಾನಿ ಮನೆತನದವರು ನಡೆಸಿದ ಆ ಕಾರ್ಖಾನೆಯ ಗಾಡಿಗಳಿಗೆ 1973ರಿಂದ ಯೆಜ್ಡಿ ಎಂಬ ಹೆಸರು ಬಂತು. ಅದು ಇರಾನ್ ದೇಶದ ಯಜ್ದ್ ಪಟ್ಟಣದ ನೆನಪು.

1984ರಲ್ಲಿ, ಅಧ್ಯಾಪಕನಾದ ಎರಡನೆಯ ವರ್ಷ, ನಾನೊಂದು ಕಪ್ಪು ಬಣ್ಣದ ಯೆಜ್ಡಿಯನ್ನು ಸಾಲ ಮಾಡಿ ಕೊಂಡೆ. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಪೆಟ್ರೋಲಿನೊಡನೆ ಎಣ್ಣೆ ಬೆರೆಸಿ ಕುಡಿಸಬೇಕು, ಹೊಗೆ ಧಾರಾಳ. ಗಿಯರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ ಆಗುತ್ತದೆ. ಒಂದೇ ಧಾತು, ಎರಡು ಅರ್ಥ. ನನ್ನ ಶ್ರೀಮತಿ ಈ ಮನೆಗೆ ಬಂದದ್ದು ಅದರ ಹಿಂದಿನ ಸೀಟಿನ ಮೇಲೆ ಕುಳಿತು. ಮಕ್ಕಳು ಶಾಲೆಗೆ ಹೋದದ್ದು ಟ್ಯಾಂಕಿನ ಮೇಲೆ ಕುಳಿತು. 2021ರ ಹೊತ್ತಿಗೆ ಅದರ ಎರಡನೆಯ ಗಿಯರ್ ನಿಲ್ಲದಾಯಿತು. ಎಂಜಿನ್ನಿನ ಹೊಟ್ಟೆಯಲ್ಲಿ ಕಲ್ಲು ಕುಟ್ಟಿದಂತೆ ಸದ್ದು ಶುರುವಾಯಿತು. ಕೊನೆಗೊಂದು ದಿನ ಅದು ಜಗಲಿಯ ಪಕ್ಕದಲ್ಲಿ ನಿಂತಿದ್ದು ನಿಂತೇಬಿಟ್ಟಿತು.

ನಮ್ಮ ಮೆಕ್ಯಾನಿಕ್ ಆ ಕಾರ್ಖಾನೆ ಮುಚ್ಚುವ ದಿನದವರೆಗೂ ಅಲ್ಲಿ ಗಾಡಿ ಜೋಡಿಸುತ್ತಿದ್ದವರು. ಕಿವಿಯಿಟ್ಟು ಕೇಳಿ, "ಸಾರ್, ಕ್ರ್ಯಾಂಕ್ ಹೋಗಿದೆ, ಗಿಯರ್ ಹಲ್ಲು ಸವೆದಿದೆ. ಪಿಸ್ಟನ್ನು, ರಬ್ಬರು, ಕೇಬಲ್ಲು ಹೊಸದು ಸಿಗುತ್ತೆ. ಒಳಗಿನ ಸಾಮಾನು ಅಸಲಿದು ಸಿಗಲ್ಲ. ಒಂದು ಬಿದ್ದ ಗಾಡಿ ತನ್ನಿ" ಎಂದರು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಪೇಟೆಗೆ ಬಂದಿವೆಯಲ್ಲ ಎಂದು ನಾನು ನನ್ನ ಪತ್ರಿಕಾಜ್ಞಾನವನ್ನು ಮೆರೆದೆ. ಅವರು ನಕ್ಕರು. ಈಗಿನವು ಬೇರೊಂದು ಕಂಪನಿಯವು, ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗುವಂಥವು, ಎಂಜಿನ್ನಿನ ಜಾತಿಯೇ ಬೇರೆ. ಹೆಸರು ಹಳೆಯದಾದ ಮಾತ್ರಕ್ಕೆ ಬೋಲ್ಟು ಕೂಡುವುದಿಲ್ಲ.

ಬಿದ್ದ ಗಾಡಿಯನ್ನು ಕೊಳ್ಳುವುದೂ ಒಂದು ವಿದ್ಯೆಯೆಂದು ನನಗೆ ಆಗ ತಿಳಿಯಿತು. ಇಂಥದಕ್ಕೆ ಇಂಗ್ಲಿಷಿನಲ್ಲಿ ದಾನಿ ಎಂಬರ್ಥದ ಮಾತುಂಟು. ದಾನಿಯಾದವನಿಗೆ ಕೊಡುವ ಮನಸ್ಸಿರಬೇಕಷ್ಟೆ. ಈ ದಾನಿಯನ್ನು ಯಾರೂ ಕೇಳುವುದಿಲ್ಲ. ನಮ್ಮ ಮೆಕ್ಯಾನಿಕ್ ಅದನ್ನು 'ಸಾಮಾನಿನ ಗಾಡಿ' ಎನ್ನುತ್ತಾರೆ. ಆ ಮಾತೇ ಪ್ರಾಮಾಣಿಕವಾದದ್ದು. ನಮ್ಮ ಗಾಡಿಗೆ ಯಾವ ರೋಗವೋ ಆ ರೋಗವಿಲ್ಲದ, ಬೇರೊಂದು ಕಡೆ ಪೆಟ್ಟು ತಿಂದ ಗಾಡಿಯನ್ನು ಹುಡುಕಬೇಕು. ನನ್ನದಕ್ಕೆ ಒಳಗೆ ಕಾಯಿಲೆ. ಆದ್ದರಿಂದ ಎದುರಿನಿಂದ ಗುದ್ದಿದ ಗಾಡಿ ಬೇಕು. ಅಂಥದರಲ್ಲಿ ಮುಂದಿನ ಚಕ್ರ, ಫೋರ್ಕು, ದೀಪ ನಾಶವಾಗಿದ್ದರೂ ಎಂಜಿನ್, ಗಿಯರ್, ಹಿಂದಿನ ಹಬ್ಬು ಉಳಿದಿರುತ್ತವೆ. ಪಕ್ಕಕ್ಕೆ ಉರುಳಿದ್ದರೆ ಲಿವರು, ಫುಟ್‌ರೆಸ್ಟು, ಎಂಜಿನ್ನಿನ ಪಕ್ಕದ ಮುಚ್ಚಳ ಹೋಗಿರುತ್ತವೆ. ನೀರಿನಲ್ಲಿ ಮುಳುಗಿದ್ದರೆ ಬೇರಿಂಗುಗಳಿಗೆ ತುಕ್ಕು. ಬೆಂಕಿಗೆ ಸಿಕ್ಕಿದ್ದನ್ನು ಮುಟ್ಟಲೇ ಬಾರದು. ಕಾದು ಆರಿದ ಲೋಹ ನೋಡಲು ಸರಿಯಾಗಿದ್ದರೂ ಅದರ ಹದ ಕೆಟ್ಟಿರುತ್ತದೆ.

ನೋಡಲು ಹೋದಾಗ ಮೊದಲು ಕಿಕ್ ಲಿವರನ್ನು ಕೈಯಿಂದ ಮೆಲ್ಲಗೆ ಒತ್ತಬೇಕು. ಒಳಗೆ ಪಿಸ್ಟನ್ ಅಲುಗಿದರೆ ಅರ್ಧ ವ್ಯಾಪಾರ ಮುಗಿಯಿತು. ಸ್ಪಾರ್ಕ್ ಪ್ಲಗ್ ಬಿಚ್ಚಿ ಬ್ಯಾಟರಿ ಹಾಕಿ ಇಣುಕಬೇಕು. ಗಿಯರ್ ಎಣ್ಣೆಯನ್ನು ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದರೆ, ಹಲ್ಲು ಸವೆದಿದ್ದ ಪಕ್ಷದಲ್ಲಿ ಲೋಹದ ಪುಡಿ ಮಿನುಗುತ್ತದೆ. ಬೇಕಾದ ಸಾಮಾನುಗಳನ್ನು ಬಿಡಿಬಿಡಿಯಾಗಿ ಕೊಂಡರೆ ಎಷ್ಟಾದೀತೆಂದು ಬರೆದಿಟ್ಟುಕೊಂಡು, ಇಡೀ ಗಾಡಿಗೆ ಅದಕ್ಕಿಂತ ಕಡಿಮೆ ಕೊಡಬೇಕು. ಇವೆಲ್ಲವನ್ನೂ ನಾನು ನೋಟ್ಸ್ ಬರೆದುಕೊಂಡೆ, ಹಳೆಯ ಅಭ್ಯಾಸ. ಮಾರುವವನು ಪ್ರಶ್ನೆ ಕೇಳಿದರೆ ಏನು ಹೇಳಬೇಕೆಂಬುದು ಮಾತ್ರ ಆ ನೋಟ್ಸಿನಲ್ಲಿರಲಿಲ್ಲ.

ಮದ್ದೂರಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ ಒಂದು ಹಳ್ಳಿ. ಅಲ್ಲಿ ಗೌಡರೊಬ್ಬರ ಮನೆಯ ಹುಲ್ಲಿನ ಕೊಟ್ಟಿಗೆಯಲ್ಲಿ, ಗೋಣಿತಾಟಿನ ಕೆಳಗೆ, 1982ರ ಮಾದರಿಯ ಕೆಂಪು ಯೆಜ್ಡಿ ನಿಂತಿತ್ತು. ಮುಂದಿನ ಚಕ್ರ ಎಂಟಾಗಿ ಮಡಚಿತ್ತು. ಗೌಡರದು ರೇಷ್ಮೆ ಬೇಸಾಯ. ಆ ಗಾಡಿಯ ಹಿಂದೆ ಕಬ್ಬಿಣದ ದೊಡ್ಡ ಕ್ಯಾರಿಯರ್ ಹಾಕಿಸಿ, ಗೂಡಿನ ಮೂಟೆ ಕಟ್ಟಿಕೊಂಡು, ಬೆಳಗಿನ ಜಾವಕ್ಕೇ ಹೊರಟು ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದರು. ರೇಷ್ಮೆಗೂಡು ಕಾಯುವ ಮಾಲಲ್ಲ; ತಡವಾದರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ, ನೂಲು ಹೋಯಿತು. ಇಪ್ಪತ್ತೇಳು ವರ್ಷ ಒಂದು ಹರಾಜಿಗೂ ಆ ಗಾಡಿ ತಡ ಮಾಡಿರಲಿಲ್ಲವಂತೆ. 2009ರಲ್ಲಿ ಒಂದು ರಾತ್ರಿ ಮಗ ಅದನ್ನು ತೆಗೆದುಕೊಂಡು ಹೋಗಿ, ಆಲೆಮನೆಯ ಬಳಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಗಾಡಿಯ ಹಿಂಬದಿಗೆ ಗುದ್ದಿದ. ಹುಡುಗ ಉಳಿದ, ಕಾಲು ಕುಂಟಾಯಿತು. ಗಾಡಿಯ ಮೇಲೆ ಗೋಣಿ ಹೊದಿಸಿದ್ದು ಅವನ ತಾಯಿ. ಅಲ್ಲಿಂದೀಚೆಗೆ ಅದನ್ನು ಯಾರೂ ತೆಗೆದಿರಲಿಲ್ಲ.

ನಮ್ಮ ಮೆಕ್ಯಾನಿಕ್ ಲಿವರ್ ಒತ್ತಿದರು, ಪಿಸ್ಟನ್ ಅಲುಗಿತು. ಎಣ್ಣೆಯನ್ನು ಬಿಸಿಲಿಗೆ ಹಿಡಿದರು, ಮಿನುಗಲಿಲ್ಲ. ಅವರು ನನ್ನ ಕಡೆ ನೋಡಿ ಕಣ್ಣು ಮುಚ್ಚಿ ತೆರೆದರು. ಹನ್ನೊಂದು ಸಾವಿರಕ್ಕೆ ಮಾತಾಯಿತು. ದುಡ್ಡು ಎಣಿಸುವ ಹೊತ್ತಿಗೆ ಗೌಡರು ಕೇಳಿದರು:

"ಗುಜ್ರಿಯೋರು ಮೂರ್ ಸಲ ಬಂದೋದ್ರು ಮೇಷ್ಟ್ರೆ. ಕೊಡ್ನಿಲ್ಲ. ಓಡ್ಸೋರ್ಗಾದ್ರೆ ಕೊಡಾನ ಅಂತ. ಓಡುತ್ತಾ ಇದು?"

ಬಾಗಿಲ ಹಿಂದೆ ಅವರ ಮನೆಯವರು ನಿಂತಿದ್ದರು. ಬಳೆಯ ಸದ್ದು ಕೇಳಿಸಿತ್ತು.

ನಾನು ಹೇಳಿದೆ: "ಓಡುತ್ತದೆ ಗೌಡರೇ."

ಶ್ರೋತೃಗಳೇ, ನಮ್ಮ ಭಾಷೆಯಲ್ಲಿ ಕರ್ತೃಪದವನ್ನು ಬಿಟ್ಟೂ ವಾಕ್ಯ ಪೂರ್ಣವಾಗುತ್ತದೆ. ಇದು ಕನ್ನಡದ ಒಂದು ಸೊಗಸು ಎಂದು ನಾನು ಎಷ್ಟೋ ತರಗತಿಗಳಲ್ಲಿ ಹೇಳಿದ್ದೇನೆ. 'ಓಡುತ್ತದೆ' ಎಂದೆ, ಯಾವುದು ಓಡುತ್ತದೆ ಎನ್ನಲಿಲ್ಲ. ಓಡುವುದು ನನ್ನ ಗಾಡಿ, ಅವರದು ಬಿಚ್ಚಿಕೊಳ್ಳುತ್ತದೆ. ಸುಳ್ಳನ್ನು ಹೇಳಿದೆನೆಂದು ಯಾವ ವೈಯಾಕರಣಿಯೂ ನನ್ನನ್ನು ಹಿಡಿಯಲಾರ. ಅಶ್ವತ್ಥಾಮನೆಂಬ ಆನೆಯ ಸಾವನ್ನು ಸಾರಿದ ಧರ್ಮರಾಯನ ರಥ ನೆಲದಿಂದ ನಾಲ್ಕಂಗುಲ ಮೇಲಿದ್ದುದು ಆ ಕ್ಷಣ ನೆಲಕ್ಕೆ ತಾಗಿತಂತೆ. ಆ ಪ್ರಸಂಗವನ್ನು ಪಾಠ ಮಾಡುವಾಗ, ಆತ ಕನಿಷ್ಠ ಪಕ್ಷ 'ಆನೆ' ಎಂಬ ಪದವನ್ನು ತಗ್ಗಿದ ದನಿಯಲ್ಲಾದರೂ ಉಚ್ಚರಿಸಿದ ಎಂದು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೆ. ನಾನು ಅಷ್ಟನ್ನೂ ಮಾಡಲಿಲ್ಲ. ನನ್ನ ರಥವಂತೂ ಮೊದಲೇ ನೆಲದ ಮೇಲಿತ್ತು.

ಗೌಡರು ಆರ್.ಸಿ. ಪುಸ್ತಕವನ್ನು ಅರಿಶಿನ ಹಚ್ಚಿದ ಕವರಿನಲ್ಲಿಟ್ಟು ಕೊಟ್ಟರು. ಗೂಡ್ಸ್ ಆಟೋದಲ್ಲಿ ಗಾಡಿ ಮೈಸೂರಿಗೆ ಬಂತು.

ಎರಡು ಗಾಡಿಗಳೂ ಅಕ್ಕಪಕ್ಕ ನಿಂತಾಗ ಮೆಕ್ಯಾನಿಕ್ ಬಹಳ ಹೊತ್ತು ನೋಡಿ, "ಸಾರ್, ಒಂದು ಮಾತು. ಆ ಗಾಡಿಯ ಎಂಜಿನ್ ನಿಮ್ಮದಕ್ಕಿಂತ ಚೆನ್ನಾಗಿದೆ. ಬಿಚ್ಚೋದಾದರೆ ನಿಮ್ಮದನ್ನೇ ಬಿಚ್ಚಿ ಅದನ್ನ ಎಬ್ಬಿಸಬಾರದಾ?" ಎಂದರು. ನಾನು ಈ ಪ್ರಶ್ನೆಗೆ ಸಿದ್ಧನಿರಲಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂಬುದು ಅಷ್ಟು ಹೊತ್ತೂ ನನ್ನ ಪಾಲಿಗೆ ಪ್ರಶ್ನೆಯೇ ಆಗಿರಲಿಲ್ಲ. ನನ್ನದು ನನ್ನದಾದ್ದರಿಂದ ಉಳಿಯಬೇಕು, ಅಷ್ಟೆ. ಹಸ್ತಪ್ರತಿಗಳ ಕೆಲಸದಲ್ಲಿ ಇಂಥ ಸಂಕಟವಿಲ್ಲ. ಒಂದು ಓಲೆಯ ಪ್ರತಿಯಲ್ಲಿ ಹುಳು ತಿಂದ ಜಾಗವನ್ನು ಇನ್ನೊಂದು ಪ್ರತಿಯನ್ನು ನೋಡಿ ತುಂಬಿಕೊಂಡರೆ ಆ ಇನ್ನೊಂದು ಪ್ರತಿ ಇದ್ದ ಹಾಗೇ ಇರುತ್ತದೆ. ಇಲ್ಲಿ ಒಂದರ ಪಾಠ ಶುದ್ಧವಾಗಬೇಕಾದರೆ ಇನ್ನೊಂದರ ಗರಿಯನ್ನೇ ಕೀಳಬೇಕು.

ಗೌಡರ ಗಾಡಿಯ ಮುಂಭಾಗವನ್ನು ಪೂರ್ತಿ ಬಿಚ್ಚಿದ ಮೇಲೆ ಆ ಪ್ರಶ್ನೆಯನ್ನು ಗಾಡಿಯೇ ತೀರ್ಮಾನಿಸಿತು. ಹ್ಯಾಂಡಲ್ ತಿರುಗುವ ಕತ್ತಿನ ಹಿಂದೆ ಬಣ್ಣ ಸಿಡಿದಿತ್ತು. ಬಣ್ಣವನ್ನು ಕೆರೆದಾಗ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಫ್ರೇಮಿನ ಆ ಜಾಗವನ್ನು ಬೆಸೆಯಬಹುದು. ಆದರೆ ಬೆಸೆದ ಕತ್ತನ್ನು ನಂಬಿ ಯಾರನ್ನೂ ರಸ್ತೆಗೆ ಕಳಿಸಬಾರದು ಎಂದರು ಮೆಕ್ಯಾನಿಕ್. ನನಗೆ ಸಮಾಧಾನವಾಯಿತೆಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ಬಿಚ್ಚುವ ಕೆಲಸ ಒಂಬತ್ತು ಭಾನುವಾರಗಳನ್ನು ತೆಗೆದುಕೊಂಡಿತು. ಇಡೀ ಎಂಜಿನ್ನನ್ನೇ ಎತ್ತಿ ಇದಕ್ಕಿಟ್ಟುಬಿಟ್ಟರೆ ಸುಲಭವಲ್ಲವೇ ಎಂದು ಕೇಳಿದೆ. ಎಂಜಿನ್ ನಂಬರು ಅದರ ಕವಚದ ಮೇಲಿರುತ್ತದೆ, ಆರ್.ಸಿ.ಯಲ್ಲಿರುವ ನಂಬರು ಬೇರೆಯಾದರೆ ಆರ್.ಟಿ.ಓ. ಕಚೇರಿಯ ಅನುಮತಿ, ತಿದ್ದುಪಡಿ, ಇನ್ನೊಂದು ಪುರಾಣ. ಆದ್ದರಿಂದ ಕವಚ ನನ್ನದೇ ಇರಲಿ, ಕರುಳು ಅದರದು ಎಂದು ನಿಶ್ಚಯವಾಯಿತು. ಆ ಕವಚವೂ ಸ್ವಾರಸ್ಯವಾದ ವಸ್ತು. ಎರಡು ಹೋಳುಗಳನ್ನು ಕಾರ್ಖಾನೆಯಲ್ಲಿ ಒಟ್ಟಿಗೇ ಕೊರೆದಿರುತ್ತಾರೆ. ಒಂದರ ಎಡ ಹೋಳಿಗೆ ಇನ್ನೊಂದರ ಬಲ ಹೋಳನ್ನು ಕೂಡಿಸಿದರೆ ಬೇರಿಂಗುಗಳು ಒಂದೇ ಗೆರೆಯಲ್ಲಿ ಕೂರುವುದಿಲ್ಲ. ಗಿಯರುಗಳನ್ನೂ ಹಾಗೆಯೇ ಬಿಡಿಯಾಗಿ ತೆಗೆಯಬಾರದು, ಇಡೀ ಕುಟುಂಬವನ್ನೇ ತರಬೇಕು. ಹಲ್ಲು ಹಲ್ಲಿಗೆ ಪಳಗಿರುತ್ತದೆ. ಕ್ರ್ಯಾಂಕನ್ನು ತೊಳೆದು, ಹೊಸ ಬೇರಿಂಗು, ಹೊಸ ಆಯಿಲ್ ಸೀಲು ಹಾಕಿ ಕೂರಿಸಿದರು. ಟೂ ಸ್ಟ್ರೋಕ್ ಎಂಜಿನ್ನಿಗೆ ಆ ಸೀಲೇ ಪ್ರಾಣ. ಪೆಟ್ರೋಲಿನ ಮಿಶ್ರಣ ಮೊದಲು ಕ್ರ್ಯಾಂಕಿನ ಕೋಣೆಗೇ ಬರುವುದರಿಂದ, ಅಲ್ಲಿ ಗಾಳಿ ಸೋರಿದರೆ ಎಷ್ಟು ಒದ್ದರೂ ಅದು ಕಣ್ಣು ತೆರೆಯುವುದಿಲ್ಲ. ಕಾರ್ಬುರೇಟರ್ ಬಂತು, ಹಿಂದಿನ ಹಬ್ಬು ಬಂತು. ನನ್ನ ಕಿಕ್ ಲಿವರಿನ ಹಲ್ಲು ಸವೆದು ಜಾರುತ್ತಿದ್ದುದರಿಂದ ಲಿವರೂ ಬಂತು. ಪ್ರತಿಯೊಂದಕ್ಕೂ ಮೆಕ್ಯಾನಿಕ್ ಸಿಗರೇಟು ಪ್ಯಾಕಿನ ರಟ್ಟನ್ನು ಕತ್ತರಿಸಿ, 'ಕೆಂಪು', 'ಕಪ್ಪು' ಎಂದು ಬರೆದು ದಾರದಲ್ಲಿ ಕಟ್ಟುತ್ತಿದ್ದರು. ಪಾಠಾಂತರಗಳನ್ನು ಗುರುತಿಸುವುದರಲ್ಲಿ ಇಷ್ಟು ನಿಷ್ಠೆ ತೋರದ ಕೆಲವು ವಿದ್ವಾಂಸರನ್ನು ನಾನು ಬಲ್ಲೆ.

ಗಾಡಿ ಎದ್ದಿತು. ಆ ಸಂತೋಷವನ್ನು ವಿವರಿಸುವುದಿಲ್ಲ. ಹಳೆಯ ಗಾಡಿ ಇಟ್ಟುಕೊಂಡವರಿಗೆ ಗೊತ್ತು, ಉಳಿದವರಿಗೆ ಹೇಳಿ ಪ್ರಯೋಜನವಿಲ್ಲ.

ಆಗ ಮೆಕ್ಯಾನಿಕ್, "ಆರ್.ಸಿ. ಏನು ಮಾಡಿದಿರಿ ಸಾರ್?" ಎಂದರು. ಅರಿಶಿನದ ಕವರು ನನ್ನ ಮೇಜಿನ ಖಾನೆಯಲ್ಲಿತ್ತು. ಬಿಚ್ಚಿದ ಗಾಡಿಯ ಪುಸ್ತಕ ಬದುಕಿದ್ದರೆ, ಅದರ ನಂಬರು ನಾಳೆ ಯಾವುದಾದರೂ ಕದ್ದ ಗಾಡಿಯ ಮೇಲೆ ಹತ್ತಬಹುದು. ಪೊಲೀಸರು ಹುಡುಕಿಕೊಂಡು ಬರುವುದು ಗೌಡರ ಬಾಗಿಲಿಗೆ. 1988ರ ಮೋಟಾರು ವಾಹನ ಕಾಯಿದೆಯ 55ನೆಯ ಪ್ರಕರಣವನ್ನು ತೆಗೆದು ಓದಿದೆ. ವಾಹನ ನಾಶವಾಗಿದ್ದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾಗಿದ್ದರೆ, ಅದರ ಮಾಲೀಕ ಹದಿನಾಲ್ಕು ದಿನಗಳೊಳಗೆ, ಇಲ್ಲವೇ ಆದಷ್ಟು ಬೇಗ, ನೋಂದಣಿ ಅಧಿಕಾರಿಗೆ ವರದಿ ಮಾಡಿ ಪುಸ್ತಕವನ್ನು ಒಪ್ಪಿಸಬೇಕು. ನಾನು ಅದನ್ನು ನನ್ನ ಹೆಸರಿಗೆ ವರ್ಗ ಮಾಡಿಸಿಕೊಂಡಿರಲಿಲ್ಲ. ಪುಸ್ತಕದಲ್ಲಿದ್ದ ಮಾಲೀಕ ಗೌಡರೇ. ಈ ಗಾಡಿ ಇನ್ನು ಎಂದೆಂದಿಗೂ ಓಡುವುದಿಲ್ಲ ಎಂದು ಅವರೇ ರುಜು ಮಾಡಬೇಕು. ಕಾನೂನಿನ ಆ ವಾಕ್ಯದಲ್ಲಿ ಕರ್ತೃಪದ ಸ್ಪಷ್ಟವಾಗಿತ್ತು.

ಎರಡು ವಾರ ನಾನು ಹೋಗಲಿಲ್ಲ. ಒಬ್ಬ ಏಜೆಂಟನ ಕೈಯಲ್ಲಿ ಕಾಗದ ಕಳಿಸಿದರೆ ಆದೀತೇ ಎಂದೂ ಯೋಚಿಸಿದೆ. ಶ್ರೀಮತಿ, "ಹನ್ನೊಂದು ಸಾವಿರ ಕೊಡಲು ನೀವೇ ಹೋಗಿದ್ದಿರಿ" ಎಂದಷ್ಟೇ ಹೇಳಿದಳು. ಬಸ್ಸಿನಲ್ಲಿ ಹೋದೆ, ಗಾಡಿಯಲ್ಲಿ ಹೋಗಲು ಮುಖವಿರಲಿಲ್ಲ.

ಗೌಡರು ಅರ್ಜಿಯನ್ನು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಕ್ಷಮಾಪಣೆಯನ್ನು ಅರ್ಧ ಹೇಳುವಷ್ಟರಲ್ಲಿ ಕೈಯೆತ್ತಿ ತಡೆದರು.

"ಗೊತ್ತಿತ್ತು ಬುಡಿ ಮೇಷ್ಟ್ರೆ. ಕತ್ತು ಮುರ್ದಿರ ಗಾಡಿನ ಯಾರ್ ಓಡ್ಸಾರು? ನೀವು 'ಓಡುತ್ತೆ' ಅಂದ್ರಿ, 'ಓಡುಸ್ತೀನಿ' ಅನ್ನಿಲ್ಲ. ಅವತ್ತೇ ತಿಳ್ಕಂಡೆ." ಆಮೇಲೆ ದನಿ ತಗ್ಗಿಸಿ, "ನಾನ್ ಕೇಳಿದ್ದು ನಿಮ್ಮನ್ನಲ್ಲ. ಬಾಗ್ಲಿಂದೆ ಇದ್ದೋಳ್ಗೆ ಕೇಳ್ಸ್ಲಿ ಅಂತ. ಓಡುತ್ತೆ ಅಂದ್ರೆ ಅವಳು ಬುಟ್ಟುಕೊಡ್ತಾಳೆ. ಅದು ಕೊಟ್ಗೆಲಿದ್ರೆ ಹುಡ್ಗ ದಿನಾ ನೋಡ್ತಾ ಕೂರೋನು" ಎಂದರು.

ಮೂವತ್ತೇಳು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿಯೂ ಒಂದು ಪ್ರತ್ಯಯವನ್ನು ಅಷ್ಟು ಸೂಕ್ಷ್ಮವಾಗಿ ಗಮನಿಸಿದ್ದು ನನಗೆ ನೆನಪಿಲ್ಲ. ಆದರೆ ಆ ಮೆಚ್ಚುಗೆಗೆ ಸಮಯವಿರಲಿಲ್ಲ. ಬಾಗಿಲ ಹಿಂದಿನ ಬಳೆಗಳು ಹೊರಗೆ ಬಂದಿದ್ದವು. ಆಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಗಂಡನನ್ನು ನೋಡಲಿಲ್ಲ, ನನ್ನನ್ನೇ ನೋಡಿದರು.

"ಏನೇನ್ ತಕ್ಕಂಡ್ರಿ ಅದ್ರಲ್ಲಿ?"

ನಾನು ಹೇಳಿದೆ. ಕ್ರ್ಯಾಂಕು, ಗಿಯರು, ಕಾರ್ಬುರೇಟರು, ಹಿಂದಿನ ಹಬ್ಬು, ಕಿಕ್ಕು. ಸತ್ತವರ ಒಡವೆಯ ಪಟ್ಟಿ ಒಪ್ಪಿಸಿದ ಹಾಗಿತ್ತು.

"ಕ್ಯಾರೇಜು?"

ಕ್ಯಾರಿಯರ್ ನನಗೆ ಬೇಕಾಗಿರಲಿಲ್ಲ; ಹಿತ್ತಲಿನಲ್ಲಿ ಬಿದ್ದಿದೆ ಎಂದೆ.

"ಅದ ತಂದ್ಕೊಡಿ. ನಾನೇ ಮೂಟೆ ಕಟ್ತಿದ್ದುದು ಅದಕ್ಕೆ."

ಗೌಡರು ರುಜು ಮಾಡಿದರು. ಪುಸ್ತಕವನ್ನೂ ಅರ್ಜಿಯನ್ನೂ ಸಂಬಂಧಪಟ್ಟ ಕಚೇರಿಗೆ ಒಪ್ಪಿಸಿ ನೋಂದಣಿಯನ್ನು ರದ್ದು ಮಾಡಿಸಿದ್ದು ಬೇಸರದ ಕಥೆ, ಅದನ್ನು ಬಿಡುತ್ತೇನೆ. 2023ರ ಕೊನೆಯಲ್ಲಿ ಒಂದು ಬೆಳಿಗ್ಗೆ ಕ್ಯಾರಿಯರನ್ನು ನನ್ನ ಗಾಡಿಯ ಹಿಂದಿನ ಸೀಟಿಗೆ ಹಗ್ಗ ಹಾಕಿ ಬಿಗಿದು ಹೊರಟೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಆ ವರ್ಷದ ಆಗಸ್ಟ್‌ನಿಂದ ದ್ವಿಚಕ್ರಗಳಿಗೆ ಪ್ರವೇಶವಿಲ್ಲವಾದ್ದರಿಂದ ಸರ್ವಿಸ್ ರಸ್ತೆಯಲ್ಲೇ ಹೋದೆ. ನನ್ನ ಗಾಡಿಗೂ ನನ್ನ ವಯಸ್ಸಿಗೂ ಅದೇ ತಕ್ಕ ರಸ್ತೆ. ಗೌಡರ ಗಿಯರುಗಳು ಎಲ್ಲಿಯೂ ಜಾರಲಿಲ್ಲ.

ಊರ ಬಾಗಿಲಿಗೆ ಬರುವಾಗಲೇ ಸದ್ದು ಮನೆಗೆ ಮುಟ್ಟಿರಬೇಕು. ನಾನು ಎಂಜಿನ್ ಆರಿಸುವ ಮೊದಲೇ ಆಕೆ ಜಗಲಿಗೆ ಬಂದು ನಿಂತಿದ್ದರು. ಮಗನೂ ಬಂದ, ನಲವತ್ತರ ಹತ್ತಿರದ ಗೃಹಸ್ಥ, ಎಡಗಾಲನ್ನು ಎಳೆದು ಹಾಕುತ್ತಾನೆ. ಅವನು ಹಗ್ಗ ಬಿಚ್ಚಿ ಕ್ಯಾರಿಯರನ್ನು ಇಳಿಸಿದ. ತಾಯಿ ಅದನ್ನು ತೆಗೆದುಕೊಂಡು ಒಳಗೆ ಹೋದರು. ಏನು ಮಾಡುತ್ತಾರೆಂದು ನಾನು ಕೇಳಲಿಲ್ಲ.

ಗೌಡರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಎಡಗಡೆ ಬಗ್ಗಿ, ಕಿಕ್ ಲಿವರನ್ನು ಹೆಬ್ಬೆರಳಿನಿಂದ ಸವರಿದರು. ಅದರ ತುದಿಯಲ್ಲಿ ಒಂದು ಪುಟ್ಟ ಡೊಂಕಿದೆ. ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

"ಇದು ನಮ್ದು" ಎಂದರು. "ಒಂದ್ಸಲ ಒದೀಲಾ ಮೇಷ್ಟ್ರೆ?"

ಒದೆಯಿರಿ ಎಂದೆ. ಅವರು ಪಂಚೆ ಎತ್ತಿ ಕಟ್ಟಿದರು. ಮೊದಲ ಒದೆಗೆ ಹತ್ತಲಿಲ್ಲ. ನಾನು ಚೋಕಿನ ವಿಷಯ ಏನೋ ಹೇಳಲು ಹೋದೆ. ಮಗ, "ನೀವು ಸುಮ್ಕಿರಿ ಸಾ, ಅಪ್ಪಂಗೆ ಗೊತ್ತು" ಎಂದ. ಎರಡನೆಯ ಒದೆಗೆ ಹತ್ತಿತು.